ತಂಬೂರಿಯ ಶ್ರುತಿ ಕೆಡಿಸಿದ ಆಂಟಿ

ಆಂಟಿಯ ಬಲಗೈ ನಡುಬೆರಳ ತುದಿ ತಂತಿ ಮೀಟಿ ಮೀಟಿ ಗಟ್ಟಿಯಾಗಿ, ಹುಣಸೆಬೀಜದಂತೆ ಹೊಳೆಯುತ್ತಿತ್ತು. ಅಮೆರಿಕದ ಲಿವೋನಿಯಾದಲ್ಲಿ ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯವರು, ನಿವೃತ್ತ ಡಾಕ್ಟರು. ಆದರೆ ಯಾರಾದರೂ ಕೇಳಿದರೆ “ಸಂಗೀತ ಬರೀತೀನಿ” ಎನ್ನುತ್ತಿದ್ದರು. ಹಾಡುತ್ತೇನೆ ಎಂದಲ್ಲ, ಬರೆಯುತ್ತೇನೆ ಎಂದು.

ಕಲಿತದ್ದು ಮುಂಬೈಯಲ್ಲಿ ಓದುವಾಗ, ಯುದ್ಧಕಾಲದಲ್ಲಿ ಯುರೋಪಿನಿಂದ ಓಡಿಬಂದು ಅಲ್ಲೇ ಉಳಿದಿದ್ದ ಮುದುಕರೊಬ್ಬರಿಂದ. ರಾಗದ, ಇಂಪಿನ ಹಂಗಿಲ್ಲದೆ ಬರೀ ನಾದವನ್ನೇ ಜೋಡಿಸುವ ಹೊಸ ಸಂಗೀತ. “ಅವರು ಹಡಗಿನ್ಯಾಗ ತಂದ್ರು, ನಾ ವಿಮಾನದಾಗ ತಂದೆ. ಕಸ್ಟಮ್ಸ್‌ನವ್ರಿಗೆ ಸಿಗಲಿಲ್ಲ ನೋಡಪಾ.”

ಅವರ ಮೆಚ್ಚಿನ ಕೃತಿಗೆ ಮೂರು ತಂಬೂರಿ ಬೇಕು. ಮೂರನ್ನೂ ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ, ಮುಂದೆ ಮಲಗಿಸಿಕೊಂಡು ಒಬ್ಬರೇ ಮೀಟುತ್ತಿದ್ದರು. ನಾದಕ್ಕೆ ನಾದ ತಿಕ್ಕಿ ಗೋಡೆಯೆಲ್ಲ ಗುಂಯ್‌ಗುಡುತ್ತಿತ್ತು. ಮೊದಲ ಸಲ ಕೇಳಿದಾಗ ನಮ್ಮ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಿತೆಂದು ನಾನು ಬೇಸ್‌ಮೆಂಟಿಗೆ ಓಡಿದ್ದೆ.

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಇದನ್ನು ನುಡಿಸುತ್ತೇನೆಂದು ಆಂಟಿ ಕೇಳಿದರೆ, ಕಮಿಟಿ ವರ್ಷಗಟ್ಟಲೆ “ಮುಂದಿನ ಸಲ ನೋಡೋಣ” ಎನ್ನುತ್ತಲೇ ಇತ್ತು. ಅಷ್ಟರಲ್ಲಿ ಆಂಟಿಯ ಕೈ ನಡುಗಲು ಶುರುವಾಯಿತು. ಅದೇನೆಂದು ಡಾಕ್ಟರಿಗೆ ಬೇರೆಯವರು ಹೇಳಬೇಕೇ? “ಈ ವರ್ಷ ಆಗಲಿಲ್ಲಂದ್ರ ಇನ್ನ ಆಗೂದಿಲ್ಲಪಾ,” ಎಂದರು. ಕಮಿಟಿಯವರಿಗೆ ದುಂಬಾಲುಬಿದ್ದು ಊಟಕ್ಕೆ ಮುಂಚಿನ ಹತ್ತು ನಿಮಿಷ ಕೊಡಿಸಿದೆ.

ಹತ್ತಿರದ ಊರು ಸೌತ್‌ಫೀಲ್ಡಿನ ಸಭಾಂಗಣದಲ್ಲಿ ಪರದೆ ಸರಿಸಿದವನು ನಾನೇ. ಆಂಟಿ ಒಮ್ಮೆ ಮೀಟಿ ನಿಲ್ಲಿಸಿಬಿಟ್ಟರು. ಮೂರೂ ತಂಬೂರಿ ದೇವರಮನೆಯಷ್ಟು ಚೊಕ್ಕಟವಾಗಿ, ಒಂದೇ ಶ್ರುತಿಯಲ್ಲಿ ನುಡಿದಿದ್ದವು.

ಸಂಘದಲ್ಲಿ ಭಜನೆ ಕಲಿಸುವ ಅಂಕಲ್ ವೇದಿಕೆಯ ಪಕ್ಕದಿಂದ ಹೆಮ್ಮೆಯಿಂದ ಹೇಳಿದರು: “ಶ್ರುತಿ ಎಲ್ಲಾ ಹೋಗ್ಬಿಟ್ಟಿತ್ತು ಮೇಡಂ, ನಾನೇ ಸರಿಮಾಡಿಟ್ಟೆ!”

“ಪುಣ್ಯಾತ್ಮ, ಭಾಳ ಚಲೋ ಮಾಡೀರಿ. ಈಗ ಕೆಡಸ್ತೀನಿ, ಕುಂಡ್ರಿ.”

ಆಂಟಿ ಎಲ್ಲರೆದುರೇ ಬಿರಡೆ ತಿರುಗಿಸತೊಡಗಿದರು. ನಡುಗುವ ಕೈ, ಹತ್ತು ನಿಮಿಷವೂ ಅದಕ್ಕೇ ಹೋಯಿತು. ಬಿಸಿಬೇಳೆಬಾತಿನ ವಾಸನೆಗೆ ಹಿಂದಿನ ಸಾಲುಗಳು ಎದ್ದವು. ನನ್ನ ಮಗಳು ಜೋರಾಗಿಯೇ ಕೇಳಿದಳು: “ಇಸ್ ಇಟ್ ಬ್ರೋಕನ್?”

“ಹೌದವಾ, ನಾನೇ ಮುರದೀನಿ,” ಎಂದು ವೇದಿಕೆಯಿಂದ ಉತ್ತರ ಬಂತು.

ಸಂಘದ ಅಧ್ಯಕ್ಷರು ಬಗ್ಗಿ ಹೇಳಿದರು: “ಆಂಟಿ, ಟೈಮ್ ಆಯ್ತು.”

“ಆ ಟೈಮು ಅಂಕಲ್‌ದು. ನಂದು ಈಗ ಸುರು.”

ಅಧ್ಯಕ್ಷರು ಪರದೆ ಎಳೆಯಲು ನನಗೆ ಸನ್ನೆ ಮಾಡಿದರು. ಹಗ್ಗ ನನ್ನ ಕೈಯಲ್ಲಿತ್ತು. ಖಾಲಿ ರಸ್ತೆಯ ಸ್ಟಾಪ್ ಸೈನಿನಲ್ಲೂ ಎರಡೆರಡು ಸಲ ನಿಲ್ಲುವ ಮನುಷ್ಯ ನಾನು. ಎಳೆಯಲಿಲ್ಲ. ಆಂಟಿ ಪೂರ್ತಿ ನುಡಿಸಿದರು. ಕೊನೆಯವರೆಗೆ ಕೂತಿದ್ದ ಕೆಲವರಲ್ಲಿ ಭಜನೆಯ ಅಂಕಲ್ಲೂ ಒಬ್ಬರು, ಹಲ್ಲುನೋವಿನವರ ಹಾಗೆ ಮುಖ ಹಿಂಡಿಕೊಂಡು.

ಮರುವರ್ಷ ಆಂಟಿ ತೀರಿಕೊಂಡರು. ಶ್ರದ್ಧಾಂಜಲಿಯ ಇಮೇಲ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಧ್ಯಕ್ಷರ ಒಕ್ಕಣೆಯಲ್ಲಿ ‘ನಿವೃತ್ತ ವೈದ್ಯೆ, ಸಂಗೀತಪ್ರೇಮಿ’ ಎಂದಿತ್ತು. ಅದನ್ನು ಹೊಡೆದು ‘ಸಂಗೀತ ಸಂಯೋಜಕಿ’ ಎಂದಷ್ಟೇ ಹಾಕಿ, ಯಾರನ್ನೂ ಕೇಳದೆ ಸಂಘದವರಿಗೆಲ್ಲ ಕಳಿಸಿದೆ.

ಅರ್ಧ ಗಂಟೆಯಲ್ಲಿ ಅಧ್ಯಕ್ಷರ ಫೋನು. “ಯಾರ್ರೀ ಹೇಳಿದ್ದು ನಿಮಗೆ ಚೇಂಜ್ ಮಾಡೋಕೆ? ಕರೆಕ್ಟ್ ಮಾಡಿ ಇನ್ನೊಂದು ಕಳಿಸಿ.”

ಕಳಿಸಿದ ಇಮೇಲನ್ನು ಇನ್ನೊಮ್ಮೆ ತೆರೆದು ಓದಿದೆ.

“ಕಳಿಸಲ್ಲ,” ಎಂದೆ.