ಹಿಮದ ಹೊಲದಲ್ಲಿ ಅಜ್ಜನ ಚರಗ

ಹೌದು ಗೆಳೆಯರೇ, ನೀವೆಲ್ಲ ನೋಡಿ ನಗುತ್ತಿರುವ ಆ ವಿಡಿಯೊದಲ್ಲಿ ಬಾಯಿ ಮುಚ್ಚಿಕೊಂಡು ಚರಗ ಚೆಲ್ಲುತ್ತಿರುವವನು ನಾನೇ. ಇವತ್ತು ಎಳ್ಳಮಾವಾಸ್ಯೆ. ಚರಗವೆಂದರೆ ಭೂಮಿಗೆ ಊಟ; ಮನೋಳಿಯ ನಮ್ಮ ಹೊಲದ ತುಂಬ ಎಡೆಯ ಅನ್ನ ಚೆಲ್ಲುತ್ತಾ, ಪದ್ಧತಿಯಂತೆ ಜೋರಾಗಿ ಕೂಗಬೇಕಿತ್ತು. ಪಕ್ಕದ ಹೊಲದವರು ಮೊಬೈಲ್ ಹಿಡಿದಿದ್ದರು, ನಾಚಿಕೆಯಾಯಿತು.

"ಭೂಮಿತಾಯಿಗೆ ಉಣಸಾಕ ನಾಚಿಕಿ ಏನಲೇ?" ಎಂದರು ಅಜ್ಜ.

ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೇಸಾಯ ಓದುವಾಗ, ಇದೇ ಅಮಾವಾಸ್ಯೆಯ ದಿನ, ಹಿಮ ಬಿದ್ದ ಕಾಲೇಜಿನ ಗೋಧಿ ಹೊಲದಲ್ಲಿ ಅವರು ಒಬ್ಬರೇ ಕೂಗುತ್ತಾ ಅನ್ನ ಚೆಲ್ಲಿದ್ದರಂತೆ.

"ಪ್ರೊಫೆಸರ್ ಓಡಿ ಬಂದ. ಪ್ರಯೋಗದ ಹೊಲ ಕೆಡಿಸೇನಿ, ಇನ್ನ ಊರಿಗೆ ಕಳಸ್ತಾನ ಅಂತ ಹೆದರಿದ್ನಿ. ಹೊಲಕ್ಕ ಊಟ ಅಂತ ಹೇಳಿದ್ನಿ."

"ಏನಂದಾ ಅವ?"

"ಹೊಲದ ಆ ಮೂಲ್ಯಾಗ ಚೆಲ್ಲೂದ ಬಿಟ್ಟೀಯಲ್ಲ, ಅಂದ."

ನಾನು ಮತ್ತೆ ಎಡೆ ಕೈಗೆತ್ತಿಕೊಂಡೆ. ಆಮೇಲೆ ಮೊಬೈಲಿನ ಕಡೆಗೇ ತಿರುಗಿ ಕೂಗಿದೆ. ಆ ಭಾಗವನ್ನು ಮಾತ್ರ ಯಾರೂ ವಿಡಿಯೊದಲ್ಲಿ ಹಾಕಿಲ್ಲ. ನಗುವವರೇ, ಆ ಹಿಮದಲ್ಲಿ ಒಬ್ಬರೇ ನಿಂತು ನೀವು ಕೂಗುತ್ತಿದ್ದಿರಾ?