ಮಾಳಿಗೆಯ ಮೇಲೆ ಹಾದ ತಂತಿ

ಅವನ ಮುಂದಿನ ಹಲ್ಲೊಂದರಲ್ಲಿ ಅಕ್ಕಿಕಾಳು ಹಿಡಿಯುವಷ್ಟು ಕಚ್ಚು ಬಿದ್ದಿತ್ತು. ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದದ್ದು. ಚೀಲದಲ್ಲಿ ಇಕ್ಕಳ ಇರುತ್ತಿತ್ತು. ಆದರೂ ತಂತಿ ಕೈಗೆ ಬಂದರೆ ನೇರ ಬಾಯಿಗೇ ಹೋಗುತ್ತಿತ್ತು.

"ಇಕ್ಕಳ ಯಾಕ ಇಟ್ಕೊಂಡೀಯಲೇ, ಪೂಜಾ ಮಾಡಾಕೇನು?" ಎಂದು ಕೇಳಿದರೆ, "ತಂತಿ ಎಷ್ಟು ಒಳಗ ಐತಿ ಅಂತ ಹಲ್ಲಿಗೆ ಗೊತ್ತಾಗ್ತೈತ್ರೀ ಅವ್ವಾರ, ಇಕ್ಕಳಕ್ಕ ಗೊತ್ತಾಗೂದಿಲ್ಲ" ಎನ್ನುತ್ತಿದ್ದ.

ಮಸ್ಕಿಯಲ್ಲಿ ನಮ್ಮ ಓಣಿಗೆ ಟಿವಿಯ ಕೇಬಲ್ ತಂದವನು ಅವನೇ. ಇಂಟರ್‌ನೆಟ್ ಬಂದಾಗ ಅದನ್ನೂ ಅವನೇ ಎಳೆದ. ಎಲ್ಲರೂ ಕೇಬಲ್‌ನವ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಕಂಬ ಹತ್ತುವ ಮೊದಲು ಚಪ್ಪಲಿ ಬಿಟ್ಟು, ಕಂಬ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ಇಳಿದ ಮೇಲೆ ಯಾರ ಮನೆಯಲ್ಲಿ ಏನು ಕೆಟ್ಟಿದ್ದರೂ ಅವನದು ಒಂದೇ ಮಾತು: "ತಂತಿ ಆದ್ರ ನಾ ಜವಾಬ್ದಾರ್ರೀ. ಗಾಳಿಗೆ ನಾ ಜವಾಬ್ದಾರ ಅಲ್ಲ."

ನನಗೆ ಇಂಟರ್‌ನೆಟ್ ಬೇಕಾದದ್ದು ತಂಗಿಗಾಗಿ. ಅವಳು ಹುಟ್ಟಿನಿಂದ ಕಿವುಡಿ, ಬಾಯಿಮಾತೂ ಇಲ್ಲ. ಚಿಕ್ಕವರಿದ್ದಾಗ ನಾವಿಬ್ಬರೂ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದೆವು. ಯಾವ ಸಾಲೆಯಲ್ಲೂ ಅದನ್ನು ಕಲಿಸುವುದಿಲ್ಲ. ಮೂಗು ಮುಟ್ಟಿ ನತ್ತು ತೋರಿಸಿದರೆ ಅವ್ವ. ಹಣೆಯ ಮೇಲೆ ಎರಡು ಬೆರಳಿಟ್ಟರೆ ಸಿಟ್ಟು. ಮದುವೆಯಾಗಿ ಅವಳು ಲಿಂಗಸುಗೂರಿಗೆ ಹೋದಳು, ನಾನು ಮಸ್ಕಿಗೆ ಬಂದೆ. ಮೊಣಕಾಲು ಗಟ್ಟಿ ಇರುವತನಕ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಆಮೇಲೆ ಆಗಲಿಲ್ಲ. ಮುಖ ಕಾಣುವ ಫೋನು ಬಂದ ಮೇಲೆ ದಿನಾ ಮಧ್ಯಾಹ್ನ ಅವಳ ಮಗಳು ಅಲ್ಲಿ ಫೋನು ಹಿಡಿಯುತ್ತಿದ್ದಳು, ಇಲ್ಲಿ ನಾನು ಫೋನನ್ನು ತಂಬಿಗೆಗೆ ಆನಿಸಿಟ್ಟು ಕೂರುತ್ತಿದ್ದೆ. ಎರಡೂ ಕೈ ಖಾಲಿ ಇರಬೇಕಲ್ಲ.

ನಮ್ಮದು ಹಳೇ ಮನೆ. ಮುಂದೆ ಮಗನ ಗೊಬ್ಬರದ ಅಂಗಡಿ, ನಡುವೆ ದೇವರ ಕೋಣೆ, ಹಿಂದೆ ನನ್ನ ಕೋಣೆ. ಕಲ್ಲು ಮಣ್ಣಿನ ಗೋಡೆಗಳು, ಮೊಳಕ್ಕೂ ಹೆಚ್ಚು ದಪ್ಪ. ಒಳಗೆ ಟವರ್ ಸಿಗುವುದಿಲ್ಲ. ಅಂಗಡಿಯಲ್ಲಿ ಕುಳಿತರೆ ಸಿಗುತ್ತದೆ, ಆದರೆ ಅಲ್ಲಿ ಹತ್ತು ಜನ ಬಂದು ಹೋಗುವವರು. ತಂಗಿಯ ಕೈ ನೋಡಿ ನಕ್ಕವರು ಚಿಕ್ಕಂದಿನಿಂದ ಬಹಳ. ಹೊರಗಿನವರು ಕಂಡರೆ ಅವಳ ಕೈ ಸೆರಗಿನೊಳಗೆ ಹೋಗುತ್ತಿತ್ತು.

ಮಗ ಸಿಂಧನೂರಿಗೆ ಹೋಗಿ ಮೂರು ಬಿಳಿ ಡಬ್ಬಿ ತಂದ. ತಂತಿ ಬೇಡ, ಒಂದರಿಂದ ಒಂದಕ್ಕೆ ತಾವೇ ವೈಫೈ ದಾಟಿಸುತ್ತವೆ, ಮನೆಯ ಮೂಲೆಮೂಲೆಗೂ ಬರುತ್ತದೆ ಎಂದು ಅಲ್ಲಿನ ಅಂಗಡಿಯವನು ಹೇಳಿದ್ದನಂತೆ. ಒಂದನ್ನು ಮುಂದೆ, ಒಂದನ್ನು ನಡುವಿನ ದೇವರ ಕೋಣೆಯಲ್ಲಿ, ಒಂದನ್ನು ನನ್ನ ಕೋಣೆಯಲ್ಲಿ ಇಟ್ಟರು. ನೀಲಿ ದೀಪ ಹತ್ತಿತು. ಮೂರು ದಿನ ಚೆನ್ನಾಗಿತ್ತು. ನಾಲ್ಕನೆಯ ದಿನ ನಡುವಿನ ಡಬ್ಬಿ ಕೆಂಪಾಯಿತು.

ಅಲ್ಲಿಂದ ನಮ್ಮ ಗೋಳು ಶುರುವಾಯಿತು. ತಂಗಿಯ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಅವಳಿಗೆ ನನ್ನ ಮುಖ ಕಲ್ಲಿನ ಹಾಗೆ ಕಾಣುತ್ತಿತ್ತು. ಮಗ ಡಬ್ಬಿಯ ಕಂಪನಿಗೆ ಫೋನು ಹಚ್ಚಿದರೆ ಒಬ್ಬ ಹುಡುಗಿ, "ಆಫ್ ಮಾಡಿ ಆನ್ ಮಾಡಿ ಸರ್" ಎನ್ನುತ್ತಿದ್ದಳು. "ಐದನೇ ಸಲ ಮಾಡಾಕತ್ತೀನ್ರೀ ಯವ್ವಾ, ಸ್ವಿಚ್ ಸವೆದೈತಿ" ಎಂದು ಇವನು. ದೀಪ ಕೆಂಪಗೆ ಉರಿಯುತ್ತಿರುವಾಗಲೇ, ನಿಮ್ಮ ದೂರು ಬಗೆಹರಿದಿದೆ ಎಂದು ಫೋನಿಗೆ ಬರುತ್ತಿತ್ತು. ಡಬ್ಬಿ ಬದಲಿಸಿ ಕೊಟ್ಟರು. ಹೊಸವೂ ಹಾಗೇ ಆದವು. ಸಿಂಧನೂರಿನ ಅಂಗಡಿಯವನು ಕಂಪನಿ ಕಡೆ ಬೆರಳು ತೋರಿಸಿದ, ಕಂಪನಿ ನಮ್ಮ ಗೋಡೆಯ ಕಡೆ ತೋರಿಸಿತು.

ಬೈಯಲು ಕೈಗೆ ಸಿಗುವವನು ಕೇಬಲ್‌ನವನೊಬ್ಬನೇ. ಅವನಿಗೇ ಬೈದೆ.

"ಏನಲೇ, ಮನಿ ತುಂಬಾ ಬರ್ತೈತಿ ಅಂದ್ರಲ್ಲ, ನನ್ನ ಖೋಲಿ ಹಾದಿ ಮರ್ತೈತೇನು?"

"ಡಬ್ಬಿ ನಾ ಮಾರಿಲ್ರೀ ಅವ್ವಾರ. ಬೈಗುಳ ಮಾತ್ರ ನನ್ನ ವಿಳಾಸಕ್ಕ ಬರ್ತಾವ" ಎಂದು ನಗುತ್ತಿದ್ದ. ಆದರೂ ಕರೆದಾಗಲೆಲ್ಲ ಬಂದ. ಮುಂದಿನ ಡಬ್ಬಿಯ ಹತ್ತಿರ ನಿಂತು ಲಿಂಗಸುಗೂರಿಗೆ ಫೋನು ಹಚ್ಚಿ ಲೈನು ನೋಡುತ್ತಿದ್ದ. ಬೇರೆಯವರು ಲೈನು ನೋಡಬೇಕೆಂದರೆ ಯಾವುದೋ ಹಾಡು ಹಾಕುತ್ತಾರೆ. ಇವನು ನನ್ನ ತಂಗಿಯನ್ನು ಕೈಯಲ್ಲಿ, ಊಟ ಆಯಿತೇ, ಏನು ಪಲ್ಯ ಎಂದು ಕೇಳುತ್ತಿದ್ದ. ನನ್ನನ್ನು ನೋಡಿ ನೋಡಿ ಕಲಿತದ್ದು. ತಪ್ಪು ತಪ್ಪಾಗಿ ಮಾಡುತ್ತಿದ್ದ. ಒಮ್ಮೆ ಬದನೆಕಾಯಿ ಎನ್ನಲು ಹೋಗಿ ಬೀಗತಿ ಎಂದ. ತಂಗಿ ಹೊಟ್ಟೆ ಹಿಡಿದು ನಕ್ಕಳು. ಹೊರಗಿನವರಲ್ಲಿ ಅವಳು ಕೈ ಮುಚ್ಚಿಕೊಳ್ಳದೆ ಇದ್ದದ್ದು ಇವನೊಬ್ಬನ ಮುಂದೆ.

ಈಗ ಒಂದು ಮಾತು ಹೇಳಬೇಕು. ಕೆಟ್ಟದ್ದು ನಡುವಿನ ಡಬ್ಬಿ. ಅದು ಇದ್ದದ್ದು ದೇವರ ಕೋಣೆಯಲ್ಲಿ. ಕೇಬಲ್‌ನವನ ಓಣಿ ಊರಿನ ಆ ಕಡೆ. ಆ ಓಣಿಯವರು ನಮ್ಮ ದೇವರ ಕೋಣೆಗೆ ಬರುವ ಪದ್ಧತಿ ಇಲ್ಲ. ಬರಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಂಗಡಿ ದಾಟಿದ ಹೊಸ್ತಿಲಿನಲ್ಲಿ ಅವನ ಕಾಲು ತಾನೇ ನಿಲ್ಲುತ್ತಿತ್ತು. ಶಿವನಿಗೆ ಎಲ್ಲರೂ ಒಂದೇ ಎಂದು ಸೋಮವಾರ ಸೋಮವಾರ ನಾವು ಹಾಡುತ್ತೇವೆ. ಹಾಡಿ ಬಾಗಿಲು ಹಾಕುತ್ತೇವೆ.

ಹೀಗಾಗಿ ಸೊಸೆ ಡಬ್ಬಿಯನ್ನು ಹೊರಗೆ ತಂದು ಅವನ ಕೈಗೆ ಕೊಡಬೇಕು. ಅವನ ಕೈಯಲ್ಲಿ ಅದು ನೀಲಿಯಾಗುತ್ತಿತ್ತು. ಒಳಗೆ ಒಯ್ದು ಇಟ್ಟರೆ ಸಂಜೆಗೆ ಮತ್ತೆ ಕೆಂಪು.

"ಒಳಗ ಯಾವ ಜಾಗಾದಾಗ ಹಿಡೀತೈತಿ ಅಂತ ನಿಂತು ನೋಡಬೇಕಾಗ್ತೈತ್ರೀ" ಎಂದ ಒಂದು ದಿನ, ನೆಲ ನೋಡುತ್ತಾ.

"ಸೊಸಿ ನೋಡ್ತಾಳ ಬಿಡು" ಎಂದೆ ನಾನು.

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಗೋಡೆ ಕೊರೆದು ತಂತಿ ಹಾಕಲೇ ಎಂದು ಕೇಳಿದ. ದೇವರ ಗೋಡೆಗೆ ನಮ್ಮ ಮಾವನವರ ಕಾಲದಿಂದ ಒಂದು ಮೊಳೆಯನ್ನೂ ಹೊಡೆದಿಲ್ಲ. ಅದಕ್ಕೂ ನಾನು ಬೇಡವೆಂದೆ.

ಬೇಸಿಗೆ ಹತ್ತಿತು. ತಂಗಿ ಹಾಸಿಗೆ ಹಿಡಿದಳು, ಎದೆಯಲ್ಲಿ ನೀರು ತುಂಬುತ್ತಿತ್ತು. ಒಂದು ಮಧ್ಯಾಹ್ನ ಅವಳು ಏನೋ ಹೇಳುತ್ತಿರುವಾಗ ಅವಳ ಕೈ ಎದೆಯ ಹತ್ತಿರ ನಿಂತಿತು. ಕಾದೆ. ಚಿತ್ರ ಮತ್ತೆ ಅಲುಗಿದಾಗ ಅವಳು ಹೇಳಿ ಮುಗಿಸಿ ನನ್ನ ಮುಖ ನೋಡುತ್ತಿದ್ದಳು. ದಿನಾ ಹತ್ತು ಸಲ ಇನ್ನೊಮ್ಮೆ ಹೇಳು ಎಂದು ಅವಳಿಗೆ ಬೇಸರ ಬರಿಸಿದ್ದೆ. ಕೈಯಲ್ಲಿ ಶಕ್ತಿ ಇಲ್ಲದವಳು. ಎದೆ ನೋವು ಎಂದಿರಬೇಕೆಂದು ತಿಳಿದು, ಹೌದು ಹೌದು ಎಂದು ತಲೆಯಾಡಿಸಿದೆ.

ಅವಳು ಗೋಡೆಯ ಕಡೆ ಹೊರಳಿದಳು. ಮರುದಿನ ಫೋನು ಹಿಡಿಯಗೊಡಲಿಲ್ಲ. ನಾಲ್ಕನೆಯ ದಿನ ಅವಳ ಮಗಳು ನನಗೆ ಹೇಳಿದಳು: "ದೊಡ್ಡವ್ವ, ನೀ ಯಾಕ ಹಂಗ ಅಂದಿ? ನಾ ನಿನಗ ಭಾರ ಆಗೀನೇನು ಅಂತ ಕೇಳಿದ್ಳು ಅವ್ವ. ನೀ ಹೌದು ಅಂದಿಯಂತ."

ಆ ದಿನ ಕೇಬಲ್‌ನವನಿಗೆ ಫೋನು ಮಾಡಿ ಬೈಯಲಿಲ್ಲ. ನಡೆದದ್ದನ್ನು ಹೇಳಿದೆ. ಅವನು, "ಮಾಳಿಗಿ ಮ್ಯಾಲಿಂದ ಒಯ್ತೀನ್ರೀ" ಎಂದ. ನಮ್ಮಲ್ಲಿ ಗುಡ್ಡದ ಮಂಗಗಳು ಮಾಳಿಗೆಯ ಮೇಲೆ ಏನನ್ನೂ ಉಳಿಸುವುದಿಲ್ಲ. ಅದಕ್ಕೆ ತಂತಿಯನ್ನು ಕಬ್ಬಿಣದ ಪೈಪಿನೊಳಗೆ ಹಾಕಬೇಕು. ಬರಿಗಾಲು ಇಟ್ಟರೆ ಬೊಬ್ಬೆ ಏಳುವ ಬಿಸಿಲು. ಐವತ್ತೈದು ದಾಟಿದ ಮನುಷ್ಯ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಮುಂದಿನಿಂದ ಹಿಂದಿನವರೆಗೆ ಪೈಪು ಹಾಸಿದ. ನಡುವಿನ ಕೋಣೆಯೊಳಗಿಂದ ಹೋಗಿದ್ದರೆ ಹತ್ತು ಹೆಜ್ಜೆಯ ಹಾದಿ ಅದು.

ಒಳಗೆ ಬಾ ಎಂಬ ಎರಡು ಮಾತು ನನ್ನ ಬಾಯಿಯಲ್ಲೇ ಇತ್ತು. ನಾನು ಮಜ್ಜಿಗೆ ಕಳಿಸಿದೆ, ಅಂಗಡಿಯ ಗಿರಾಕಿಗಳಿಗೆ ಇಟ್ಟ ಕಾಗದದ ಲೋಟದಲ್ಲಿ.

ನನ್ನ ಕೋಣೆಯ ಬೆಳಕಿಂಡಿಯಿಂದ ತಂತಿ ಇಳಿಯಿತು. ಸೊಸೆ ಸಿಕ್ಕಿಸಿದಳು. "ಹಚ್ಚಿ ನೋಡ್ರೀ ಅವ್ವಾರ" ಎಂದು ಮೇಲಿನಿಂದ ಕೂಗಿದ. ಲಿಂಗಸುಗೂರಿನಲ್ಲಿ ಮಗಳು ಬಲವಂತವಾಗಿ ತಂಗಿಯ ಮುಂದೆ ಫೋನು ಹಿಡಿದಳು. ನಾನು ಡಬ್ಬಿಯ ಕಥೆ ಹೇಳಿದೆ: ನೀನು ಕೇಳಿದ್ದು ನನಗೆ ಕಾಣಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಅವಳು ಆಮೇಲೆ ಬೈಯಲು ಹತ್ತಿದಳು. ಚಿಕ್ಕಂದಿನ ನನ್ನ ತಪ್ಪುಗಳನ್ನೆಲ್ಲ ಎತ್ತಿ ಎತ್ತಿ ಬೈದಳು. ಒಂದು ಬೆರಳೂ ನಡುವೆ ನಿಲ್ಲಲಿಲ್ಲ.

ಯಾರು ಸರಿ ಮಾಡಿದರು ಎಂದು ಕೇಳಿದಳು. ಫೋನನ್ನು ಬೆಳಕಿಂಡಿಗೆ ತಿರುಗಿಸಿದೆ. ಅಲ್ಲಿ ಅವನ ಬೆವರಿನ ಮುಖ ಇತ್ತು. ಅವನು ಊಟ ಆಯಿತೇ ಎಂದು ಕೈಯಲ್ಲಿ ಕೇಳಿದ. ಅವಳು ಅವನಿಗೆ ಉತ್ತರ ಕೊಟ್ಟಳು. ಫೋನು ನನ್ನ ಕಡೆ ತಿರುಗಿದಾಗ ಕೇಳಿದಳು: ಅವನು ಯಾಕೆ ಮೇಲಿದ್ದಾನೆ?

ಫೋನನ್ನು ಮತ್ತೆ ತಂಬಿಗೆಗೆ ಆನಿಸಿಟ್ಟೆ. ಅವಳೂ ಅಂಥ ಮನೆಯಲ್ಲೇ ಹುಟ್ಟಿದವಳು, ಹೇಳದೆಯೇ ಗೊತ್ತಾಯಿತು. ಒಳಗೆ ಕರೆದು ಕೂಡಿಸಿ ಉಣ್ಣಿಸು ಎಂದಳು. ಆಗಲಿ ಎಂದೆ. ಅಷ್ಟರಲ್ಲಿ ಅವನು ಇಳಿದು ಏಣಿ ಕಟ್ಟಿಕೊಂಡು ಹೋಗಿದ್ದ.

ಶ್ರಾವಣದವರೆಗೆ ದಿನಾ ಮಾತಾಡಿದೆವು. ಕಡೆಯ ದಿನವೂ ಅವಳು ಹೇಳಿದ್ದೆಲ್ಲ ನನಗೆ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವನನ್ನು ಉಣ್ಣಿಸಿದೆಯಾ ಎಂದು ನಡುವೆ ಎರಡು ಸಲ ಕೇಳಿದ್ದಳು. ಇನ್ನೂ ಇಲ್ಲ ಎಂದಿದ್ದೆ.

ಅವಳು ಹೋದ ಎರಡು ತಿಂಗಳಿಗೆ ಅವನೂ ಹೋದ. ಬೆಳಿಗ್ಗೆ ಚಹಾ ಕುಡಿಯುತ್ತಾ ಎದೆ ಹಿಡಿದುಕೊಂಡನಂತೆ. ಮಗನ ಗಾಡಿಯಲ್ಲಿ ಕುಳಿತು ಅವರ ಓಣಿಗೆ ಮೊದಲ ಸಲ ಹೋದೆ. ಅವನ ಹೆಂಡತಿ ನನ್ನ ತೋಳು ಹಿಡಿದು ಒಳಗೆ ಕರೆದೊಯ್ದಳು. ಬುದ್ಧನ ಪಟದ ಕೆಳಗೆ ಅವನನ್ನು ಇಟ್ಟಿದ್ದರು. ಅಲ್ಲೇ ಪಕ್ಕದಲ್ಲಿ ಕೂಡಿಸಿದಳು.

"ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ನೋಡ್ರೀ ಅವ್ವಾರ. ಅಲ್ಲಿಂದ ಫೋನು ಬರವಲ್ದು, ಅಂದ್ರ ಕೆಲಸ ಛಲೋ ಆಗೈತಿ ಅಂತಿದ್ರು" ಎಂದಳು.

ಹೌದು. ಡಬ್ಬಿ ಕೆಡುತ್ತಿದ್ದಾಗ ವಾರಕ್ಕೆರಡು ಸಲ ಬರುತ್ತಿದ್ದವನು, ತಂತಿ ಹಾಕಿದ ಮೇಲೆ ಒಮ್ಮೆಯೂ ಬರಲಿಲ್ಲ. ಬರುವಂಥದ್ದೇನೂ ಅವನು ಉಳಿಸಿರಲಿಲ್ಲ. ತಂತಿ ಎಂದಾದರೂ ಕೆಡುತ್ತದೆ, ಆಗ ಕರೆದು ಒಳಗೆ ಕೂಡಿಸಿದರಾಯಿತು ಎಂದು ನಾನು ಕಾಯುತ್ತಾ ಕುಳಿತಿದ್ದೆ. ಉಣ್ಣಲು ಬಾ ಎನ್ನಲು ತಂತಿ ಕೆಡಬೇಕಾಗಿರಲಿಲ್ಲ. ಅದು ಇವತ್ತಿಗೂ ಕೆಟ್ಟಿಲ್ಲ.