ತೆಂಗಿಲ್ಲದ ಗಣಿತ

ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ನಾನು ಗಣಿತದಲ್ಲಿ ಪಿಎಚ್‌ಡಿಗೆ ಸೇರಿಕೊಂಡಿದ್ದೆ. ಶನಿವಾರ ಬೆಳಗಿನ ತರಗತಿ ಮುಗಿಸಿ, ಬಸ್ಸು ಹತ್ತಿ, ಮಧ್ಯಾಹ್ನದ ಸೆಮಿನಾರಿನ ಹೊತ್ತಿಗೆ ವಿಶ್ವವಿದ್ಯಾಲಯ ಮುಟ್ಟುತ್ತಿದ್ದೆ. ಸೆಮಿನಾರ್ ಹಾಲ್ ಒಂದೇ. ಶುದ್ಧ ಗಣಿತದವರು ಕಿಟಕಿಯ ಕಡೆ, ಅನ್ವಯಿಕ ಗಣಿತದವರು ಬಾಗಿಲ ಕಡೆ ಕೂರುತ್ತಿದ್ದರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಬಾಗಿಲ ಕಡೆ ಜನವೂ ಜಾಸ್ತಿ, ಪ್ರಾಜೆಕ್ಟುಗಳೂ ಜಾಸ್ತಿ. ಟೀ ಜೊತೆ ಬಿಸ್ಕತ್ತು ತರಿಸುತ್ತಿದ್ದವರೂ ಅವರೇ.

ಆ ಕಡೆಯ ಹಿರಿಯ ಪ್ರೊಫೆಸರೊಬ್ಬರು ದ್ರವಗಳ ಹರಿವಿನ ಮೇಲೆ ಕೆಲಸ ಮಾಡಿ ಹೆಸರಾದವರು. ನಾನು ಸೇರಿದ ಹೊಸದರಲ್ಲೇ ಕರೆದು ಊರು ಯಾವುದೆಂದು ಕೇಳಿದರು. ಹೊನ್ನವಳ್ಳಿ ಎಂದೆ. ಅವರ ಮುಖ ಅರಳಿತು. ತೆಂಗಿನ ನುಸಿ ರೋಗ ತೋಟದಿಂದ ತೋಟಕ್ಕೆ ಹೇಗೆ ಹರಡುತ್ತದೆ ಎಂಬುದಕ್ಕೆ ಗಣಿತದ ಮಾದರಿ ಕಟ್ಟುವ ಪ್ರಾಜೆಕ್ಟೊಂದು ಅವರ ಕೈಲಿತ್ತು.

"ನಿಮಗೆ ಹೇಳಿ ಮಾಡಿಸಿದ ವಿಷಯ ಕಣ್ರೀ. ತೋಟ ನಿಮ್ಮದೇ, ಜನ ನಿಮ್ಮವರೇ. ಗ್ರೂಪ್ ಥಿಯರಿ ಕಟ್ಕೊಂಡು ತಿಪಟೂರಲ್ಲಿ ಏನ್ ಮಾಡ್ತೀರಿ?"

ಯೋಚಿಸಿ ಹೇಳುತ್ತೇನೆಂದು ಹೊರಬಂದೆ. ಯೋಚಿಸುವುದಕ್ಕೇನೂ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಬೆಂಗಳೂರಿನ ಹುಡುಗ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದ. ಬೆಂಗಳೂರಿನ ಟ್ರಾಫಿಕ್‌ಗೊಂದು ಮಾದರಿ ಕಟ್ಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಹಚ್ಚಿಕೊಂಡಿದ್ದ ಪ್ರಶ್ನೆ ಕೇಳುವುದಕ್ಕೆ ಸರಳ. ಗ್ರೂಪ್ ಎಂದು ಕರೆಯುವ ಒಂದು ಗಣಿತದ ಕೂಟದಲ್ಲಿ ಎರಡು ಅಂಶಗಳನ್ನು ಹಿಂದುಮುಂದಾಗಿ ಗುಣಿಸಿದರೂ ಉತ್ತರ ಒಂದೇ ಬಂದರೆ, ಅವೆರಡರ ನಡುವೆ ಗೆರೆ ಎಳೆಯಬೇಕು. ಎಲ್ಲದರ ಜೊತೆಗೂ ಹೀಗೆ ಹೊಂದಿಕೊಳ್ಳುವ ಅಂಶಗಳನ್ನು ಮೊದಲೇ ತೆಗೆದುಹಾಕಿರಬೇಕು. ಆಮೇಲೆ, ಎಲ್ಲಿಂದ ಹೊರಟರೂ ಗೆರೆ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದೇ? ಯಾವುದಾದರೊಂದು ಅವಿಭಾಜ್ಯ ಸಂಖ್ಯೆಯನ್ನು ಆಧರಿಸಿ ಕಟ್ಟುವ ಒಂದು ಬಗೆಯ ಗ್ರೂಪುಗಳಲ್ಲಿ, ಆ ಸಂಖ್ಯೆ ಯಾವುದೇ ಆಗಿರಲಿ, ಹೋಗಬಹುದು ಎಂಬುದು ನನ್ನ ವಾದ.

ಮನೆಯಲ್ಲಿ ಅಪ್ಪನಿಗೆ ಹೇಳಿದರೆ ನನ್ನ ಪರ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಕೊಬ್ಬರಿ ಅಟ್ಟದ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡರು.

"ಮೇಷ್ಟ್ರು ಒಳ್ಳೆ ಮಾತೇ ಹೇಳವ್ರೆ ಕಣವ್ವ. ನುಸಿಗೆ ಯಾರಾದ್ರೂ ಒಂದ್ ದಾರಿ ತೋರ್ಸುದ್ರೆ ಊರೇ ನೆನೀತದೆ. ನೀನ್ಯಾಕೆ ಬ್ಯಾಡ ಅಂತೀಯ?"

"ಅದು ಒಳ್ಳೇ ಕೆಲಸಾನೇ ಅಪ್ಪ. ಆದ್ರೆ ನನ್ ಕೆಲಸ ಅಲ್ಲ."

ಅಪ್ಪ ಮತ್ತೆ ಒತ್ತಾಯ ಮಾಡಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ.

ನನ್ನ ಸರದಿ ಬಂದ ಶನಿವಾರ ಹಾಲ್ ತುಂಬಿತ್ತು. ಅರ್ಧ ಬೋರ್ಡು ತುಂಬುವವರೆಗೂ ಎಲ್ಲ ಸಲೀಸಾಗಿ ನಡೆಯಿತು. ಪ್ರಮೇಯದ ಮುಖ್ಯ ಹೆಜ್ಜೆಗೆ ಬಂದಾಗ ಬಾಗಿಲ ಕಡೆಯಿಂದ ಆ ಪ್ರೊಫೆಸರು ಕೈ ಎತ್ತಿದರು. ಉಪಯೋಗದ ಪ್ರಶ್ನೆ ಇರಬೇಕೆಂದು ನಾನು ಉತ್ತರ ಮಸೆದುಕೊಂಡೇ ತಿರುಗಿದೆ.

"ಅವಿಭಾಜ್ಯ ಸಂಖ್ಯೆ ಎರಡೇ ಆಗಿದ್ರೆ ಈ ಹೆಜ್ಜೆ ನಿಲ್ಲುತ್ತಾ?"

ಬೋರ್ಡು ನೋಡಿದೆ. ನಿಲ್ಲುತ್ತಿರಲಿಲ್ಲ. ಎರಡರಿಂದ ಭಾಗಿಸುವಂತಿಲ್ಲದ ಕಡೆ ನಾನು ಹಿಂದುಮುಂದು ನೋಡದೆ ಭಾಗಿಸಿಬಿಟ್ಟಿದ್ದೆ. ಮುಂದಿನ ಸಾಲಿನಲ್ಲಿದ್ದ ನನ್ನ ಗೈಡ್ ಕನ್ನಡಕ ತೆಗೆದು ಒರೆಸತೊಡಗಿದರು. ಹಿಂದೆ ಯಾರೋ ನಕ್ಕರು.

"ನಿಲ್ಲೋದಿಲ್ಲ ಸಾರ್. ತಪ್ಪಿದೆ," ಎಂದೆ.

ಪ್ರೊಫೆಸರು ಮೆಲ್ಲಗೆ, ಕೆಣಕುವ ದನಿಯೇನೂ ಇಲ್ಲದೆ, ನುಸಿಯ ಪ್ರಾಜೆಕ್ಟಿನಲ್ಲಿ ಇನ್ನೂ ಜಾಗವಿದೆ ಎಂದರು. ಅವರು ನಿಜವಾಗಿಯೂ ಸಹಾಯ ಮಾಡಲು ಹೊರಟಿದ್ದರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಬೇಡ ಸಾರ್. ಇದನ್ನ ಸರಿ ಮಾಡ್ಕೊಂಡು ಇದೇ ಬೋರ್ಡಿಗೆ ಬರ್ತೀನಿ."

ವಾಪಸು ಬರುವ ಬಸ್ಸಿನಲ್ಲಿ ಅಳು ಬಂತು. ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಆಮೇಲೆ ಕೆಲಸಕ್ಕೆ ಕೂತೆ. ಹೆಜ್ಜೆಯನ್ನು ರಿಪೇರಿ ಮಾಡಲು ಹೋದಷ್ಟೂ ಅದು ಬೇರೆ ಕಡೆ ಬಿರಿಯುತ್ತಿತ್ತು. ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ಮನೆಯ ಜಗುಲಿಯಲ್ಲಿ, ಎಲ್ಲಿ ಕೂತರೂ ಅದೇ. ಮಳೆಗಾಲ ಕಳೆದು ಹೊಸ ಕಾಯಿ ಅಟ್ಟ ಏರುವ ಹೊತ್ತಿಗೆ ನನಗೆ ಹೊಳೆಯಿತು: ಇದು ರಿಪೇರಿಯಾಗುವ ಹೆಜ್ಜೆಯೇ ಅಲ್ಲ. ಸಂಖ್ಯೆ ಎರಡಾದರೆ ನನ್ನ ವಾದವೇ ಸುಳ್ಳು. ಗೆರೆಗಳ ಜಾಲ ಎರಡು ತುಂಡಾಗುವ ಒಂದು ಗ್ರೂಪನ್ನೇ ಕಟ್ಟಿ ತೋರಿಸಬಹುದು. ಮಿಕ್ಕ ಎಲ್ಲ ಕಡೆ ವಾದ ನಿಜ. ಆ ದಿನದಷ್ಟು ಸಂತೋಷ ನನಗೆ ಡಿಗ್ರಿ ಬಂದಾಗಲೂ ಆಗಲಿಲ್ಲ.

ಮತ್ತೆ ಬೋರ್ಡಿನ ಮುಂದೆ ನಿಂತೆ. ತುಂಡಾಗುವ ಗ್ರೂಪಿನಿಂದಲೇ ಶುರು ಮಾಡಿ ಪ್ರಮೇಯ ಮುಗಿಸಿದೆ. ಪ್ರೊಫೆಸರು ಈ ಸಲ ಕೇಳಿಯೇಬಿಟ್ಟರು, ಇದರಿಂದ ಏನು ಉಪಯೋಗ ಎಂದು.

"ಗೊತ್ತಿಲ್ಲ ಸಾರ್. ಅವತ್ತು ನೀವು ಉಪಯೋಗ ಕೇಳಿ ನನ್ನ ತಪ್ಪು ಹಿಡೀಲಿಲ್ಲ. ನಿಜವೋ ಸುಳ್ಳೋ ಅಂತ ಕೇಳಿ ಹಿಡಿದ್ರಿ. ನನಗೆ ಆ ಪ್ರಶ್ನೆಯೇ ಸಾಕು."

ಪ್ರೊಫೆಸರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎರಡನೆಯ ಹೆಜ್ಜೆಯನ್ನು ಇನ್ನೊಂದು ಸಲ ಬಿಡಿಸಿ ಹೇಳಿ ಎಂದರು. ಹೇಳಿದೆ. ಅವರ ಅಭಿಪ್ರಾಯ ಬದಲಾಯಿತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ಡಿಗ್ರಿ ಬಂದ ಮೇಲೆ ತಿಪಟೂರಿನ ನಮ್ಮ ಕಾಲೇಜಿನಲ್ಲೇ ಒಂದು ಸೆಮಿನಾರ್ ಶುರು ಮಾಡಿದೆ. ಇದು ಯಾವ ಸ್ಕೀಮಿನ ಕೆಳಗೆ ಬರುತ್ತದೆ ಎಂದು ಪ್ರಿನ್ಸಿಪಾಲರು ಕೇಳಿದರು. ಯಾವುದರ ಕೆಳಗೂ ಬರುವುದಿಲ್ಲ, ಒಂದು ಖಾಲಿ ರೂಮು ಕೊಡಿ ಸಾಕು ಎಂದೆ. ಕನ್ನಡದಲ್ಲೇ ಮಾತು. ಬೋರ್‌ವೆಲ್ ನೀರಿನ ಮಟ್ಟಕ್ಕೆ ಸಮೀಕರಣ ಬರೆಯುವವರೂ ಬರುತ್ತಾರೆ, ಯಾತಕ್ಕೂ ಬಾರದ್ದನ್ನು ಹೇಳುವವರೂ ಬರುತ್ತಾರೆ; ಸಿಕ್ಕ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಹೋದ ವಾರ ಮಾಯಸಂದ್ರದ ಹೈಸ್ಕೂಲ್ ಮೇಷ್ಟ್ರೊಬ್ಬರು ಪ್ರಮೇಯವೊಂದರ ಸಾಧನೆಯ ನಡುವೆ ಸಿಕ್ಕಿಕೊಂಡು ಸೀಮೆಸುಣ್ಣ ಕೆಳಗಿಡಲು ಹೋದರು. ಇಡಬೇಡಿ ಎಂದೆ. ಅವರು ಬೋರ್ಡಿಗೆ ತಿರುಗಿದರು. ನಾವೆಲ್ಲ ಕಾದು ಕೂತೆವು.